ಹುಣಸೆಹಣ್ಣು ತಿಂದ ಹೆಸರು

ಚಿಂತಾಮಣಿಯ ದಸ್ತಗೀರ್ ಸಾಬರು ಕರಿಕಲ್ಲು ಕಡೆಯುವುದರಲ್ಲಿ ಎತ್ತಿದ ಕೈ. ನೂರು ವರ್ಷದ ಹಿಂದೆ ದೊಡ್ಡ ಜ್ವರ ಬಂದು ಊರು ಅರ್ಧ ಖಾಲಿಯಾದಾಗ, ಯಾವ ಜಾತಿಯವರೇ ಆಗಲಿ, ಹೂಳಿದ ಕಡೆ ಕಲ್ಲು ನೆಟ್ಟು ಹೆಸರು ಕೊರೆದವರು ಅವರು. ಮಗ ಮೆಹಬೂಬ್ ಸಾಬರು ಈದ್ಗಾದ ಮೆಟ್ಟಿಲು ಕಡೆದರು. ಮೊಮ್ಮಗ ಖಾದರ್ ಸಾಬರು ಜೀವಮಾನವಿಡೀ ಖಬರಸ್ತಾನದ ಕಲ್ಲುಗಳಿಗೆ ಹೆಸರು ಕೊರೆದು, ಕೊರೊನಾ ಬಂದ ಮೊದಲ ಬೇಸಿಗೆಯಲ್ಲಿ ತಾವೇ ಅಲ್ಲಿ ಹೋಗಿ ಮಲಗಿದರು. ಅವರ ತಲೆದೆಸೆಯ ಕಲ್ಲು ಮಾತ್ರ ಬೋಳಾಗಿ ನಿಂತಿತು. ಹಿರಿಮಗ ಮಷೀನಿನಲ್ಲಿ ಕೊರೆಸೋಣ ಎಂದ. ಕಿರಿಮಗ ಶೌಕತ್ ತಡಿ ಎಂದ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

ಶೌಕತ್ ಇದ್ದದ್ದು ಪರದೇಶದ ಮಾಸ್ಟ್ರಿಕ್ಟ್‌ನಲ್ಲಿ, ಕಂಪ್ಯೂಟರ್ ಕೆಲಸದಲ್ಲಿ. ವಿಮಾನಗಳ ಓಡಾಟ ನಿಂತಿತ್ತು. ಅಪ್ಪನ ಜನಾಜಾ ಖಬರಸ್ತಾನಕ್ಕೆ ಹೋಗುವುದನ್ನು ಫೋನಿನಲ್ಲಿ ನೋಡಿದವನಿಗೆ ಅಂದಿನಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಮೀಟಿಂಗ್ ನಡುವೆಯೇ ಎದ್ದು ಬಾಲ್ಕನಿಗೆ, ಅಲ್ಲಿಂದ ಅಡುಗೆಮನೆಗೆ.

"ಕಾಲಿಗೆ ಚಕ್ರ ಕಟ್ಕೊಂಡಿದೀರಾ ಜೀ?" ಎಂದಳು ಹೆಂಡತಿ ವಾಜಿದಾ. "ಹೊರಗಾದ್ರೂ ಹೋಗ್ಬನ್ನಿ. ನೆಲ ಸವೀತಿದೆ."

ಹೋದ. ಬೀದಿಯ ಕೊನೆಯ ಚರ್ಚಿನ ಅಂಗಳದಲ್ಲಿ ಇನ್ನೂರು ಮುನ್ನೂರು ವರ್ಷದ ಸಮಾಧಿಕಲ್ಲುಗಳು ಪಾಚಿ ಹೊದ್ದು ವಾಲಿಕೊಂಡಿದ್ದವು. ಅವನ್ನು ನೋಡಿಕೊಳ್ಳುವ ಮುದುಕ ಹುಬ್, ಬರೀ ನೀರಿನಲ್ಲಿ ಉಜ್ಜುವುದಾದರೆ ಉಜ್ಜು ಎಂದ. ಶೌಕತ್ ದಿನಾ ಹೋಗಿ ಉಜ್ಜಿದ. ಆನಾ ಎಂಬ ಹುಡುಗಿಯ ಕಲ್ಲೊಂದು ಮಾತ್ರ ಕಪ್ಪು ಬಿಡಲೊಲ್ಲದು. ಅಪ್ಪ ಕರಿಕಲ್ಲನ್ನು ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದುದು ನೆನಪಾಯಿತು. ಮನೆಗೆ ಓಡಿ, ಡಬ್ಬಿಯಲ್ಲಿದ್ದ ಹುಣಸೆಹಣ್ಣು ಕಿವುಚಿ ತಂದು ಬಳಿದ.

ಆ ಸೀಮೆಯದು ಸುಣ್ಣದ ಕಲ್ಲು. ಹುಳಿ ಬಿದ್ದೊಡನೆ ನೊರೆ ಎದ್ದಿತು. ಕೊಳೆ ಬಿಡುತ್ತಿದೆ ಎಂದು ಹಿಗ್ಗಿ ಅವನು ಇನ್ನಷ್ಟು ಒತ್ತಿ ತಿಕ್ಕಿದ. ನೀರು ಹೊಯ್ದಾಗ ಕಲ್ಲು ಬೆಳ್ಳಗಿತ್ತು. ಮೊದಲೇ ಸವೆದಿದ್ದ ಹೆಸರು ಹೋಗಿಬಿಟ್ಟಿತ್ತು.

ಹುಬ್ ಬಂದು ಬಗ್ಗಿ ಹೆಸರಿದ್ದ ಜಾಗದ ಮೇಲೆ ಬೆರಳಾಡಿಸಿ ನೋಡಿದ. ಕೊನೆಗೆ, "ನೀನು ತಿಕ್ಕದಿದ್ರೂ ಮಳೆ ತಿಂತಿತ್ತು ಬಿಡು," ಎಂದ. ಹಳೆಯ ಕಲ್ಲಿಗೆ ಉಳಿ ತಾಗಿಸುವಂತಿಲ್ಲ ಎಂದೂ ಹೇಳಿದ. ಹಾಗಾದರೆ ಅದರ ಬುಡದಲ್ಲಿ ಚಿಕ್ಕ ಕಲ್ಲೊಂದಕ್ಕೆ ಹೆಸರು ಕೊರೆದು ಇಡುತ್ತೇನೆ ಎಂದು ಶೌಕತ್ ಅಂಗಲಾಚಿ ಒಪ್ಪಿಸಿದ.

ಉಳಿ, ಸುತ್ತಿಗೆ ತರಿಸಿದ. ಮೊದಲ ಕಲ್ಲು ಸೀಳಿಹೋಯಿತು. ಮುಂದಿನದರಲ್ಲಿ ಅಕ್ಷರ ಸೊಟ್ಟಗಾಗಿ ಹೆಬ್ಬೆರಳು ಜಜ್ಜಿಹೋಯಿತು.

"ಕೀಬೋರ್ಡ್ ಒತ್ತೋ ಬೆರಳಿಗೆ ಯಾಕೆ ಈ ಶಿಕ್ಷೆ?" ಎಂದು ವಾಜಿದಾ ಬಟ್ಟೆ ಸುತ್ತಿದಳು.

ಮರುದಿನ ಇನ್ನೊಂದು ಕಲ್ಲು ಹಿಡಿದು ಚರ್ಚಿನ ಅಂಗಳದಲ್ಲೇ ಕೂತ. ಹುಬ್ ಮಾಸ್ಕ್ ಏರಿಸಿಕೊಂಡು ಹತ್ತಿರ ಬಂದ. ತನ್ನ ತಂಗಿಯ ಮಗನ ಹತ್ತಿರ ಮಷೀನಿದೆ, ಚಿಟಿಕೆ ಹೊಡೆಯೋದ್ರಲ್ಲಿ ಕೊರೆದು ಕೊಡ್ತಾನೆ ಎಂದ.

ಶೌಕತ್ ತಲೆ ಎತ್ತಲಿಲ್ಲ. "ಬೇಡ ಹುಬ್. ಮಷೀನೇ ಆಗೋದಾದ್ರೆ ಅಬ್ಬಾನ ಕಲ್ಲನ್ನ ನಮ್ಮಣ್ಣ ಯಾವತ್ತೋ ಕೊರೆಸ್ತಿದ್ದ. ಇಲ್ಲಿ ಕೈ ಕೂತ್ರೆ ಊರಿಗೆ ಹೋಗಿ ಅದಕ್ಕೂ ನಾನೇ ಹೆಸರು ಕೊರೀತೀನಿ. ನೀವು ಸ್ವಲ್ಪ ದೂರ ನಿಂತ್ಕೊಳ್ಳಿ, ಚೂರು ಕಣ್ಣಿಗೆ ಹಾರತ್ತೆ."