ಮಾಸ್ತರರ ತಾಯಿ ಬಾವಿಗೆ ಧುಮುಕಿದ ಬೇಸಗೆ

ದೇಶ ಸ್ವತಂತ್ರವಾಗಿ ಏಳೆಂಟು ವರ್ಷಗಳಾಗಿದ್ದವು, ನನಗೆ ಹತ್ತು ವರ್ಷ. ತುಕ್ಕಾನಟ್ಟಿಯ ನಮ್ಮ ಸಾಲಿಗೆ ದಡ್ಡಿ ಎಂಬ ಊರಿನ ಕಡೆಯ ಮಾಸ್ತರರೊಬ್ಬರು ವರ್ಗವಾಗಿ ಬಂದಿದ್ದರು. ಇನ್ನೂ ಲಗ್ನವಾಗಿರಲಿಲ್ಲ, ಮನೆಯಲ್ಲಿ ಅವರು ಮತ್ತು ಅವರ ತಾಯಿ ಇಬ್ಬರೇ. ಪರೀಕ್ಷೆ ಮುಗಿದ ದಿನ ಅವರು, "ನಾಳಿಯಿಂದ ಬ್ಯಾಸಗಿ ಸಾಲಿ ನಡಸ್ತೇನಿ. ಫೀ ಇಲ್ಲ. ಬರೂ ಮುಂದ ಮನಿಯಿಂದ ಒಂದು ರೊಟ್ಟಿ ತರ್ರಿ, ಅಷ್ಟ ಸಾಕು" ಎಂದರು.

ರೊಟ್ಟಿಗಳೆಲ್ಲ ಒಂದೇ ಬುಟ್ಟಿಗೆ ಬೀಳುತ್ತಿದ್ದವು, ಉಣ್ಣುವಾಗ ಅದರಿಂದಲೇ ಎಲ್ಲರಿಗೂ ಹಂಚುತ್ತಿದ್ದರು. ಯಾವ ಓಣಿಯ, ಯಾವ ಜಾತಿಯ ಮನೆಯ ರೊಟ್ಟಿ ಯಾರ ಕೈಗೆ ಬಂತೆಂದು ತಿಳಿಯುತ್ತಿರಲಿಲ್ಲ. ಮಾಸ್ತರರಿಗೆ ಬೇಕಾಗಿದ್ದದ್ದೂ ಅದೇ ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ರೊಟ್ಟಿಯ ಜೊತೆಗೆ ಅವರ ತಾಯಿ ಕುಟ್ಟಿದ ಶೇಂಗಾ ಚಟ್ನಿ.

ಬೆಳಿಗ್ಗೆ ಬೇವಿನ ಮರದ ಕೆಳಗೆ ಮಗ್ಗಿ, ಕಥೆ, ಹಸಿಮಣ್ಣಿನಲ್ಲಿ ಘಟಪ್ರಭೆಯ ನಕಾಶೆ. ಬಿಸಿಲೇರಿದ ಮೇಲೆ ಗಂಡು ಹುಡುಗರಿಗೆ ತೋಟದ ಬಾವಿಯಲ್ಲಿ ಈಜು. ನಾವು ಹುಡುಗಿಯರು ದಂಡೆಯಲ್ಲಿ ಕೂತು ಅವರ ಅಂಗಿಗಳನ್ನು ಕಾಯಬೇಕು. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ನಾವು ಬರೇ ಅರಿವಿ ಕಾಯಾಕ ಬರಬೇಕೇನ್ರಿ ಸರ?"

ಮಾಸ್ತರರ ಮುಖ ನಾಚಿಕೆಯಿಂದ ಕೆಂಪಗಾಯಿತು. "ಹುಡಿಗ್ಯಾರಿಗೆ ನಾ ಹ್ಯಾಂಗ ಕಲಿಸಲೆವ್ವಾ?"

ಚಟ್ನಿ ತಂದಿದ್ದ ಅವರ ತಾಯಿ ಅಲ್ಲೇ ನಿಂತಿದ್ದರು. "ನಿನಗ ಹೊಳ್ಯಾಗ ಈಸಾಕ ಕಲಿಸಿದಾಕಿ ಯಾರೋ? ನಾನ ಅಲ್ಲೇನು?"

ಮರುದಿನ ಹುಡುಗರೆಲ್ಲ ಮಗ್ಗಿ ಹೇಳುತ್ತ ಮರದ ಕೆಳಗೇ ಉಳಿದರು. ಆ ತಾಯಿ ಕಚ್ಚೆ ಬಿಗಿದವರೇ ಮೇಲಿನ ಕಟ್ಟೆಯಿಂದ ಧಡ್ಡನೆ ಹಾರಿದರು. ನೀರು ಮುಚ್ಚಿಕೊಂಡಿತು. ಎಷ್ಟು ಹೊತ್ತಾದರೂ ಏಳಲಿಲ್ಲ. ನಮ್ಮಲ್ಲಿ ಸಣ್ಣವಳೊಬ್ಬಳು ಅಳತೊಡಗಿದಳು. ಅಷ್ಟರಲ್ಲಿ ಆಚೆ ಗೋಡೆಯ ಹತ್ತಿರ ಬಿಳಿಗೂದಲು ಕಂಡಿತು. "ಯಾಕ ಅಳ್ತೀರಿ? ಇಳೀರಿ!"

ಕೇಳಿದವಳು ನಾನಾದ್ದರಿಂದ ಮೊದಲು ಇಳಿಯಬೇಕಾದವಳೂ ನಾನೇ. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು, ಪರಕಾರದ ನೆರಿಗೆ ಮೇಲೆತ್ತಿ ಸಿಕ್ಕಿಸಿ, ಮೂಗು ಬಾಯಿ ತುಂಬ ನೀರು ಕುಡಿದು, ನಾಲ್ಕು ದಿನ ಕೈಕಾಲು ಬಡಿದೆ. ಮನೆಯಲ್ಲಿ ಹೇಳಿರಲಿಲ್ಲ.

ಐದನೆಯ ದಿನ ನಮ್ಮಜ್ಜಿ ಕೋಲು ಹಿಡಿದು ಬಾವಿಗೇ ಬಂದಳು. "ಮ್ಯಾಲ ಬಾ! ಬಾವ್ಯಾಗ ಬಿದ್ದು ಸಾಯಾಕ ಸಾಲಿಗೆ ಹೊಕ್ಕಿಯೇನ?"

"ಬಿದ್ದಿಲ್ರಿ ಅಕ್ಕಾರ, ಈಸಾಕತ್ತಾಳ. ಒಂದೀಟು ನೋಡ್ರಿ" ಎನ್ನುತ್ತ ಮಾಸ್ತರರ ತಾಯಿ ನೀರಿನಲ್ಲೇ ನನ್ನ ಸೋರೆಬುರುಡೆ ಬಿಚ್ಚಿಬಿಟ್ಟರು.

ಬುರುಡೆಯಿಲ್ಲದೆ ನಾನು ಎಂದೂ ಈಜಿರಲಿಲ್ಲ. ಅಜ್ಜಿಯ ಭಯ ಹೆಚ್ಚೋ ನೀರಿನ ಭಯ ಹೆಚ್ಚೋ ತಿಳಿಯದೆ ಕೈ ಬೀಸುತ್ತಲೇ ಹೋದೆ. ಆಚೆಯ ಕಲ್ಲು ಕೈಗೆ ತಾಗಿತು. ತಿರುಗಿ ನೋಡಿದರೆ ಅಜ್ಜಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು.

ಕೋಲು ಬದಿಗಿಟ್ಟು, "ಹೊಳ್ಳಿ ಬರಾಕ ಬರತೈತೇನ?" ಎಂದಳು.

ಬಂದೆ. ನಾವೆಲ್ಲ ಕೇಕೆ ಹಾಕಿ ನಕ್ಕೆವು. ಅವಳೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಮನೆಗೆ ಹೋಗುವಾಗ ನನ್ನ ತಲೆ ಒರೆಸುತ್ತ ಒಂದೇ ಮಾತು ಹೇಳಿದಳು: "ನೀರು ತರಾಕ ಹೋಗಿ ನನ್ನ ತಂಗಿ ಬಾವ್ಯಾಗ ಬಿದ್ದು ಹೋದಳು. ನಿನ್ನಷ್ಟ ಇದ್ದಳು. ಆಕಿಗೆ ಯಾರೂ ಕಲಿಸಲಿಲ್ಲ."

ಮರುದಿನ ಅಜ್ಜಿ ಕಾಕಾನ ಇಬ್ಬರು ಹೆಣ್ಣುಮಕ್ಕಳನ್ನು ಕೈಹಿಡಿದು ಎಳೆದುಕೊಂಡು ಬಂದಳು. ದೊಡ್ಡವಳು ಹೆದರಿ ಮರ ತಬ್ಬಿಕೊಂಡಿದ್ದಳು. ಅವಳನ್ನು ಬಿಡಿಸಲು ಮಾಸ್ತರರ ತಾಯಿ ಮತ್ತು ಅಜ್ಜಿ ಇಬ್ಬರೂ ಬೇಕಾದರು.