ಫ್ಲೋರೈಡ್ ಇರುವ ಪೇಸ್ಟು, ಇಲ್ಲದ ಪೇಸ್ಟು

ಡಬ್ಬಿ ಬಿಚ್ಚುವ ಮೊದಲೇ ಸ್ಟ್ರಾಬೆರಿ ವಾಸನೆ ಮೂಗಿಗೆ ಬಡಿಯಿತು. ಹುಳಿಯಾರಿನ ಮೆಡಿಕಲ್ ಸ್ಟೋರಿನವರು ಮಕ್ಕಳ ಪೇಸ್ಟು ಎರಡನ್ನು ನನ್ನ ಮುಂದಿಟ್ಟು, "ಇದ್ರಲ್ಲಿ ಫ್ಲೋರೈಡ್ ಐತೆ, ಇದ್ರಲ್ಲಿಲ್ಲ. ಯಾವ್ದು ಕೊಡ್ಲಮ್ಮ?" ಎಂದರು. ಮಗನ ದವಡೆ ಹಲ್ಲಿನಲ್ಲಿ ಕಪ್ಪು ಚುಕ್ಕೆ ಕಂಡು ಓಡಿಬಂದಿದ್ದ ನಾನು ಎರಡನ್ನೂ ಕೈಗೆತ್ತಿಕೊಂಡೆ. ಆ ವಾಸನೆಗೆ ನಮ್ಮ ಗಣಿತದ ಟೀಚರ್ ನೆನಪಾಗಿಬಿಟ್ಟಿದ್ದರು...

ಅವರು ನಮ್ಮೂರಿನವರೇ. ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದನ್ನೇ ಕುಡಿದು ಬೆಳೆದ ಅವರ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. ಎಷ್ಟು ಉಜ್ಜಿದರೂ ಹೋಗುವ ಕಲೆಯಲ್ಲ ಅದು. ಹೆಣ್ಣು ನೋಡಲು ಬಂದವರೊಬ್ಬರು, ಒಳಗಿದ್ದ ಅವರಿಗೆ ಕೇಳಿಸುವಂತೆಯೇ, "ಹುಡ್ಗಿ ಹೊಗೆಸೊಪ್ಪು ಹಾಕ್ತಾಳಾ?" ಅಂದಿದ್ದರಂತೆ. ಆಮೇಲಿಂದ ಅವರು ಬಾಯಿಗೆ ಸೆರಗು ಹಿಡಿದೇ ನಗುತ್ತಿದ್ದರು. "ಫ್ಲೋರೈಡ್ ಅಂತ ಬರ್ದಿರೋ ಪೇಸ್ಟು ಮನೆಗೆ ತರ್ಬೇಡ್ರೋ" ಎಂದು ನಮಗೆಲ್ಲ ಹೇಳುತ್ತಿದ್ದರು. ನಮ್ಮಲ್ಲಿ ಎಷ್ಟೋ ಮನೆಗಳು ಅವರ ಮಾತು ಕೇಳಿ ಹಲ್ಲುಪುಡಿಗೆ ಬದಲಾದವು.

ಮದುವೆಯಾಗಿ ಅವರು ತಿಪಟೂರು ಸೇರಿದರು. ನಾನು ಅಲ್ಲಿಗೆ ಡಿಗ್ರಿ ಓದಲು ಹೋದಾಗ ಅವರ ಮನೆಯ ಹಿಂದಿನ ರೂಮಿನಲ್ಲಿದ್ದೆ. ಅವರ ಮಗಳು ಆಗ ಅಂಗನವಾಡಿಗೆ ಹೋಗುತ್ತಿದ್ದಳು. ಅವಳಿಗೂ ಬರೀ ಪುಡಿಯೇ. ಒಂದು ಬೆಳಿಗ್ಗೆ ಮಗುವಿನ ಕೆನ್ನೆ ಊದಿಕೊಂಡಿತ್ತು. ಅಳಲಿಕ್ಕೂ ಬಾಯಿ ತೆರೆಯಲಾರದು. ಮೂವರೂ ಆಟೊ ಹತ್ತಿ ಹಲ್ಲಿನ ಡಾಕ್ಟರ ಹತ್ತಿರ ಹೋದೆವು.

"ಹಿಂದಿನ ಹಲ್ಲೆಲ್ಲ ಹುಳುಕು. ಯಾವ ಪೇಸ್ಟ್ ಹಾಕ್ತಿದ್ರಿ?" ಎಂದರು ಡಾಕ್ಟರು. ಟೀಚರ್ ಊರಿನ ನೀರಿನ ಕಥೆ ಹೇಳಿ, ಹೆಮ್ಮೆಯಿಂದಲೇ ಫ್ಲೋರೈಡ್ ಮನೆಗೆ ಸೇರಿಸಿಲ್ಲ ಎಂದರು.

"ನಿಮ್ಮೂರಿನ ನೀರು ಬೇರೆ ಕಣ್ರೀ. ಇಲ್ಲಿ ನೀವು ಕುಡಿಯೋ ನೀರಲ್ಲಿ ಅದು ಕಮ್ಮಿ. ಹುಳುಕು ತಡೆಯೋಕೆ ಅದೇ ಬೇಕು. ಬಟಾಣಿ ಕಾಳಿನಷ್ಟು ಹಾಕಿ, ಉಗುಳ್ಸಿ. ನುಂಗೋಕೆ ಬಿಡ್ಬೇಡಿ."

ಒಂದು ಹಲ್ಲು ಕೀಳಲೇಬೇಕಾಯಿತು. ಮಗುವಿನ ಕೈ ಹಿಡಿದುಕೊಂಡಿದ್ದ ಟೀಚರ್ ಮುಖ ಆಚೆ ತಿರುಗಿಸಿದ್ದರು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಮಗುವನ್ನು ತೊಡೆಗೆಳೆದುಕೊಂಡರು. ಆಮೇಲೆ, "ಜಾಸ್ತಿಯಾದ್ರೆ ನನ್ ಥರ ಆಗುತ್ತೆ, ಇಲ್ದಿದ್ರೆ ಇವಳ ಥರ ಆಗುತ್ತೆ. ನಾನು ಏನಂತ ನಂಬ್ಲಿ ಕಣೇ?" ಎಂದರು. ಅವರು ಕಲಿಸಿದ್ದಷ್ಟೇ ನನಗೂ ಗೊತ್ತಿದ್ದದ್ದು.

ಸ್ಟ್ರಾಬೆರಿ ವಾಸನೆಯ ಪೇಸ್ಟೇನೋ ತಂದರು. ಮೊದಲ ದಿನವೇ ಮಗು ಅದನ್ನು ಜಾಮಿನಂತೆ ನೆಕ್ಕಿ ನುಂಗಿಬಿಟ್ಟಿತು. ಟೀಚರ್ ಹೌಹಾರಿದರು. "ತಿನ್ನೋ ವಾಸ್ನೆ ಇಟ್ಬುಟ್ಟು ತಿನ್ಬೇಡ ಅಂದ್ರೆ ಮಕ್ಳು ಕೇಳ್ತಾವಾ!" ಎಂದು ಟ್ಯೂಬನ್ನು ಬೀರುವಿನ ಮೇಲೆ ಎತ್ತಿಟ್ಟರು. ಮರುದಿನ ಬರೀ ನೀರು ಕೊಟ್ಟು ಉಗುಳುವ ಪಾಠ ಶುರುವಾಯಿತು. ಹಿತ್ತಲಿನ ತೆಂಗಿನ ಬುಡಕ್ಕೆ ಗುರಿಯಿಟ್ಟು ಅಮ್ಮ ಉಗುಳುವುದು, ಮಗಳು ಉಗುಳುವುದು. ಮಗಳು ಒಮ್ಮೆ ಅಮ್ಮನ ಸೀರೆಗೇ ಉಗುಳಿದಾಗ ಟೀಚರ್ ನಕ್ಕರು ನೋಡಿ... ಸೆರಗಿನ ನೆನಪೇ ಇರಲಿಲ್ಲ ಅವರಿಗೆ. ಅವರ ಹಲ್ಲನ್ನೆಲ್ಲ ನಾನು ಕಂಡಿದ್ದು ಆವತ್ತೇ. ಕೆಲವು ದಿನಗಳಾದ ಮೇಲೆ ಟ್ಯೂಬು ಕೆಳಗಿಳಿಯಿತು. ಆದರೂ ದಿನಾ ಬೆಳಿಗ್ಗೆ ಮಗುವಿನ ಗಲ್ಲ ಹಿಡಿದು ಪಕ್ಕದಲ್ಲೇ ನಿಲ್ಲುತ್ತಿದ್ದರು. ಅವರ ಅನುಮಾನ ಪೂರ್ತಿ ಹೋಗಿತ್ತೆಂದು ನನಗನಿಸುವುದಿಲ್ಲ.

ಮೊನ್ನೆ ನಾನು ಎರಡೂ ಪೇಸ್ಟು ಕೊಂಡುಬಂದೆ. ನಾವೀಗ ಕುಡಿಯುವುದು ಫ್ಲೋರೈಡ್ ಸೋಸಿದ ಘಟಕದ ಶುದ್ಧ ನೀರು, ಅಡುಗೆಗೆ ಮಾತ್ರ ಅದೇ ಬೋರ್‌ವೆಲ್ ನೀರು. ಹಾಗಾದರೆ ನನ್ನ ಮಗ ಯಾವ ಕಡೆಯವನು? ನೀರನ್ನು ಪರೀಕ್ಷೆಗೆ ಕೊಟ್ಟಿದ್ದೇನೆ, ಫಲಿತಾಂಶ ಬಂದಿಲ್ಲ. ಅಲ್ಲಿಯವರೆಗೆ ಅಕ್ಕಿ ಕಾಳಿನಷ್ಟು ಫ್ಲೋರೈಡ್ ಪೇಸ್ಟು ಸಾಕು ಎಂದಿದ್ದಾರೆ ಮಗನ ಹಲ್ಲು ನೋಡಿದ ಡಾಕ್ಟರು. ಹಾಗೇ ಹಾಕುತ್ತಿದ್ದೇನೆ, ಹಾಕುವಾಗೆಲ್ಲ ಕೈ ತಡೆಯುತ್ತದೆ.

ಎರಡು ವರ್ಷದ ಹಿಂದೆ ಜ್ವರವೆಂದು ಆಸ್ಪತ್ರೆ ಸೇರಿದ ಟೀಚರ್ ಮನೆಗೆ ಮರಳಲಿಲ್ಲ. ಡಾಕ್ಟರನ್ನು ಕೇಳಿದರೆ ಎಷ್ಟು ಹಾಕಬೇಕೆಂದು ಹೇಳುತ್ತಾರೆ. ಆದರೆ ಎರಡೂ ಕಡೆಯ ಭಯ ಗೊತ್ತಿದ್ದವರು ಟೀಚರ್ ಒಬ್ಬರೇ...