ಉದ್ದಂದು ಯಾರೂ ಕೇಳದ ಬೇಸಗೆ

ನಾನು ಯಾವ ವಾದ್ಯವನ್ನೂ ನುಡಿಸಿದವನಲ್ಲ, ನುಡಿಸುವವರ ಹಿಂದೆ ಅಲೆದವನು. ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ವಿಜಾಪುರದ ಸೊಲ್ಲಾಪುರ ರಸ್ತೆಯ ಒಂದು ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮದುವೆಯ ದಿನಗಳು ಬಂದವೆಂದರೆ ಮಾಲಕರಿಗೆ ಹೊಟ್ಟೆನೋವು, ಹಲ್ಲುನೋವು ಎಂದು ಏನಾದರೊಂದು ಸಬೂಬು ಹೇಳಿ ಬಸ್ಸು ಹತ್ತುತ್ತಿದ್ದೆ. ಕರೆಯದೆ ಹೋಗಿ ಉಂಡು ಬಂದ ಮದುವೆಗಳು ಎಷ್ಟೋ. ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ. ಊಟಕ್ಕೆಂದು ಹೋಗಿದ್ದರೆ ನಾಚಬೇಕಿತ್ತು. ನಾನು ಹೋಗುತ್ತಿದ್ದದ್ದು ಬ್ಯಾಂಡ್ ಕೇಳುವುದಕ್ಕೆ.

ವಿಜಾಪುರದಲ್ಲಿ ಬ್ಯಾಂಡ್ ಕಂಪನಿಗಳು ನಾಲ್ಕಾರು ಇದ್ದವು. ನಮ್ಮ ಲೆಕ್ಕದಲ್ಲಿ ಇದ್ದದ್ದು ಒಂದೇ. ಅದರ ಯಜಮಾನರನ್ನು ಊರೆಲ್ಲ ಉಸ್ತಾದ ಎನ್ನುತ್ತಿತ್ತು. ಎತ್ತರದ ಬಡಕಲು ಮನುಷ್ಯ. ಕೆಂಪು ಕೋಟಿನ ಗುಂಡಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ, ಆದರೆ ಇಸ್ತ್ರಿ ಎಂದೂ ತಪ್ಪಿದ್ದಿಲ್ಲ. ಅವರ ಕೈಯಲ್ಲಿ ಕ್ಲಾರಿನೆಟ್, ಹಿಂದೆ ತುತ್ತೂರಿಯವರು, ಡೋಲಿನವರು. ಮುಸಲ್ಮಾನರ ನಿಕಾ ಇರಲಿ, ಹಿಂದೂಗಳ ಅಕ್ಕಿಕಾಳು ಇರಲಿ, ನುಡಿಸುವುದರಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಮಾಡುತ್ತಿರಲಿಲ್ಲ. ನಮ್ಮವ್ವನ ಮದುವೆಗೂ ಅವರೇ ನುಡಿಸಿದ್ದರು. ‘ಅವತ್ತು ಗಂಡನ ಮಾರಿ ನೋಡಿದ್ದು ನೆನಪಿಲ್ಲ, ಬಾಜಾ ಕೇಳಿದ್ದು ನೆನಪೈತಿ’ ಎಂದು ಅವ್ವ ಅಪ್ಪನ ಎದುರಿಗೇ ಹೇಳುತ್ತಿದ್ದಳು. ಅಪ್ಪ ಅದಕ್ಕೆ ಒಮ್ಮೆಯೂ ಬೇಜಾರು ಮಾಡಿಕೊಂಡವನಲ್ಲ.

ಯುಗಾದಿ ಕಳೆದ ಮೇಲೆ ಮದುವೆಯ ಊರುಗಳನ್ನು ಸುತ್ತುವುದಕ್ಕೆ ಉಸ್ತಾದರು ದೌರಾ ಎನ್ನುತ್ತಿದ್ದರು. ದೌರಾ ಹೊರಡುವ ಮೊದಲು ಯಾವ ಹಾಡಿನ ಹಿಂದೆ ಯಾವ ಹಾಡು ಬರಬೇಕು ಎಂಬುದನ್ನು ಅವರು ತಮ್ಮ ಅಂಗಳದಲ್ಲಿ ತಾಲೀಮು ಮಾಡಿ ಕೂಡಿಸುತ್ತಿದ್ದರು. ನಾವು ಅದೇ ಕೆಲಸವನ್ನು ನಮ್ಮ ಅಂಗಡಿಯ ಪಕ್ಕದ ಚಹಾದಂಗಡಿಯಲ್ಲಿ, ಯಾರೂ ಹೇಳದೆ ಕೇಳದೆ, ಮೈಮೇಲೆ ಹಾಕಿಕೊಂಡು ಮಾಡುತ್ತಿದ್ದೆವು. ಅಲ್ಲೊಬ್ಬ ಸಾಲಿ ಮಾಸ್ತರ ಇದ್ದರು. ಅಕ್ಕಿಕಾಳು ಬೀಳುವ ತನಕ ಸಿನಿಮಾ ಹಾಡು ಕೂಡದು ಎಂಬುದು ಅವರ ಹಟ. ಹೊನವಾಡದಲ್ಲಿ ಹೊಸದಾಗಿ ದ್ರಾಕ್ಷಿ ಹಚ್ಚಿದ್ದ ಒಬ್ಬ ರೈತ ಸಂತೆಯ ದಿನ ಬಸ್ಸಿಗೆ ಬರುತ್ತಿದ್ದ. ಸಂತೆ ಆಮೇಲೆ, ಮೊದಲು ನಮ್ಮಲ್ಲಿಗೆ.

‘ಹುಡುಗರು ಕುಣೀಬೇಕೋ ಬ್ಯಾಡೋ? ನಿಮ್ಮ ಮಾತು ಕೇಳಿದ್ರ ಮದುವಿ ಮಂದಿ ಸಾಲ್ಯಾಗ ಪ್ರಾರ್ಥನಾಕ್ಕ ನಿಂತಂಗ ನಿಲ್ಲಬೇಕಾಕ್ಕೈತಿ’ ಎಂದು ಅವನು ಮಾಸ್ತರರನ್ನು ಕಾಡುತ್ತಿದ್ದ.

ನನ್ನ ಗೆಳೆಯನೊಬ್ಬ ಗಾಂಧಿಚೌಕದ ಕಡೆ ಒಂದು ಜವಳಿ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸದಲ್ಲಿದ್ದ. ಈ ಜಗಳದಲ್ಲಿ ಅವನದೂ ಒಂದು ಪಾರ್ಟಿ. ನನ್ನದೂ ಒಂದು. ನಾನು ಬೇಗ ಸಿಟ್ಟಿಗೇಳುವವನು; ಚಹಾದ ಬಸಿ ಟೇಬಲ್ಲಿಗೆ ಕುಕ್ಕಿ ಎದ್ದು ಹೋಗಿ, ಮರುದಿನ ಅದೇ ಬೆಂಚಿಗೆ ಬಂದು ಕೂಡುತ್ತಿದ್ದೆ. ನಾವು ಏನು ತೀರ್ಮಾನಿಸಿದರೂ ಉಸ್ತಾದರು ತಮ್ಮ ಮನಸ್ಸಿಗೆ ಬಂದದ್ದನ್ನೇ ನುಡಿಸುತ್ತಿದ್ದರು, ಅದು ನಾವು ಹೇಳಿದ್ದಕ್ಕಿಂತ ಚೆನ್ನಾಗಿಯೇ ಇರುತ್ತಿತ್ತು. ಆದರೂ ಮುಂದಿನ ವರ್ಷ ಮತ್ತೆ ಜಗಳ.

ಒಂದರ ಬಗ್ಗೆ ಮಾತ್ರ ಯಾರದೂ ತಕರಾರು ಇರಲಿಲ್ಲ. ಅದಕ್ಕೆ ಹೆಸರಿರಲಿಲ್ಲ. ನಾವು ಉದ್ದಂದು ಎನ್ನುತ್ತಿದ್ದೆವು. ಉಸ್ತಾದರು ತಾವೇ ಕಟ್ಟಿದ ಧಾಟಿ ಅದು. ಮದುಮಗಳು ತವರೂರಿನ ಅಗಸಿ ದಾಟುವಾಗ, ಅಂದರೆ ಊರಬಾಗಿಲ ಕಮಾನಿನ ಕೆಳಗೆ, ಮೆರವಣಿಗೆಯನ್ನು ನಿಲ್ಲಿಸಿ ಅದನ್ನು ನುಡಿಸುತ್ತಿದ್ದರು. ತಳದಿಂದ ಏಳುತ್ತಿತ್ತು, ಅವಸರವೇ ಇಲ್ಲ. ಸುತ್ತಿ ಸುತ್ತಿ ಕೊನೆಗೆ ಒಂದು ಏರಿಕೆ, ಒಂದೇ ಉಸಿರಿನಲ್ಲಿ. ಆ ತುದಿಯ ಸ್ವರ ನಿಂತಿತೆಂದರೆ ಅಳದಿದ್ದ ಅಣ್ಣತಮ್ಮಂದಿರೂ ಅಳುತ್ತಿದ್ದರು. ಅದು ಮುಗಿಯದೆ ಗಾಡಿ ಮುಂದೆ ಹೋಗುವ ಹಾಗಿಲ್ಲ. ಆದರೆ ಅದನ್ನು ಉಸ್ತಾದರು ತಾವಾಗಿ ನುಡಿಸುತ್ತಿರಲಿಲ್ಲ. ಅಗಸಿಯಲ್ಲಿ ಯಾರಾದರೂ ಮುಂದೆ ಬಂದು, ದೊಡ್ಡ ಡೋಲಿನ ಮೇಲೆ ಒಂದು ವೀಳ್ಯ ಇಟ್ಟು, ‘ಉದ್ದಂದು ಆಗಲ್ರಿ ಉಸ್ತಾದ’ ಎಂದು ಕೇಳಬೇಕು. ‘ಮಗಳನ್ನ ಕಳಸೋರು ಅವರು. ಅಳಬೇಕಂದ್ರ ಅವರ ಕೇಳ್ಲಿ. ನಾವಾಗಿ ಅಳಸಬಾರ್ದು’ ಎನ್ನುತ್ತಿದ್ದರು. ಕೇಳದ ಊರನ್ನು ಮಾತ್ರ ನಾನು ಕಂಡಿರಲಿಲ್ಲ.

ಒಂದು ವರ್ಷ ಚಳಿಗಾಲದಲ್ಲಿ ಉಸ್ತಾದರ ಮೇಲಿನ ಹಲ್ಲುಗಳನ್ನೆಲ್ಲ ಕೀಳಿಸಬೇಕಾಯಿತು. ಮಿರಜಿಗೆ ಹೋಗಿ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಬಂದರು. ಕ್ಲಾರಿನೆಟ್ಟಿನ ಮೂತಿಯ ಮೇಲೆ ಮೇಲಿನ ಹಲ್ಲು ಊರಿ ನಿಲ್ಲಬೇಕು. ಊರುವ ಹಲ್ಲೇ ಅಲುಗಾಡಿದರೆ ಏನು ಮಾಡುವುದು? ನಾವು ತಾಲೀಮು ಕೇಳಲು ಹೋದಾಗ ಬೇರೆ ಹಾಡುಗಳೆಲ್ಲ ಹೇಗೋ ಸಾಗಿದವು. ಉದ್ದಂದನ್ನು ಅವರು ಅರ್ಧಕ್ಕೇ ನಿಲ್ಲಿಸಿ, ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, ‘ಹೊತ್ತಾತು, ಚಹಾ ಕುಡೀರಿ’ ಎಂದರು. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ಸಲದ ಜಗಳದಲ್ಲಿ ತಮಾಷೆ ಇರಲಿಲ್ಲ. ಜವಳಿ ಅಂಗಡಿಯ ಗೆಳೆಯನೇ ಮಾತು ತೆಗೆದ.

‘ಈ ದೌರಾದಾಗ ಉದ್ದಂದು ಬ್ಯಾಡ. ಅಗಸ್ಯಾಗ ನಾಕ ಮಂದಿ ಎದುರಿಗೆ ಸ್ವರ ಒಡದ್ರ ಉಸ್ತಾದರು ಮತ್ತ ಕ್ಲಾರಿನೆಟ್ ಮುಟ್ಟಂಗಿಲ್ಲ. ಆ ಮನಷ್ಯಾನ ಮಾನ ನಾವು ಕಾಯಬೇಕು.’

‘ಬ್ಯಾಡ ಅನ್ನೂದಿದ್ರ ಅವರ ಅನ್ಲಿ’ ಎಂದೆ.

‘ಅವರು ಅನ್ನಂಗಿಲ್ಲೋ. ಮಂದಿ ಕೇಳಿದ್ರ ಸಾಯತಾ ಬಾರಿಸ್ತಾರ. ಅದಕ್ಕ ಮಂದಿ ಕೇಳಲಾರದಂಗ ನೋಡಬೇಕು.’

ಮಾಸ್ತರರು ಹೌದೆಂದರು. ದ್ರಾಕ್ಷಿಯವನೂ ಗೋಣು ಹಾಕಿದ. ಇವರೆಲ್ಲ ಉಸ್ತಾದರನ್ನು ನನಗಿಂತ ಕಡಿಮೆ ಪ್ರೀತಿಸಿದವರಲ್ಲ, ನನಗೆ ಉರಿದದ್ದೂ ಅದಕ್ಕೇ. ಪ್ರೀತಿ ಇಲ್ಲದವರಾದರೆ ಬೈಯಬಹುದಿತ್ತು. ಉಸ್ತಾದರ ಪರವಾಗಿ ಅವರನ್ನು ಕೇಳದೆ ತೀರ್ಮಾನ ಮಾಡಲು ನಾವು ಯಾರು ಎಂದು ಕೂಗಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮದುವೆಯ ಜವಳಿಗೆಂದು ಸುತ್ತಲಿನ ಊರಿನವರು ಆ ಗೆಳೆಯನ ಅಂಗಡಿಗೇ ಬರುತ್ತಿದ್ದರು. ಹೆಣ್ಣಿನವರು, ಗಂಡಿನವರು, ಸೋದರತ್ತೆಯರು, ಎತ್ತಿನ ಗಾಡಿ ತುಂಬ ಮಂದಿ. ಅವನು ಸೀರೆ ಬಿಚ್ಚುತ್ತ, ಸೆರಗು ಹರವುತ್ತ, ಎಲ್ಲರಿಗೂ ಮೆಲ್ಲಗೆ ಒಂದು ಮಾತು ಹೇಳತೊಡಗಿದ: ‘ಈ ವರ್ಷ ಅಗಸ್ಯಾಗ ಉದ್ದಂದು ಕೇಳಬ್ಯಾಡ್ರಿ. ಉಸ್ತಾದರ ಹಲ್ಲು ಹೋಗ್ಯಾವ. ಅವರಿಗೆ ಗೊತ್ತಾಗದಂಗ ಸುಮ್ನಿರ್ರಿ.’ ಮಾತು ಸೀರೆಗಳ ಜೊತೆಗೇ ಊರೂರಿಗೆ ಹೋಯಿತು.

ಮೊದಲ ಮದುವೆ ತೊರವಿಯಲ್ಲಿ. ಅಗಸಿಯ ಕೆಳಗೆ ಬ್ಯಾಂಡು ನಿಂತಿತು. ಉಸ್ತಾದರು ಕ್ಲಾರಿನೆಟ್ ಇಳಿಸಿ ಕಾದರು. ಯಾರೂ ಮುಂದೆ ಬರಲಿಲ್ಲ. ಇದೊಂದು ಊರು ಹೀಗೆ ಎಂದುಕೊಂಡಿರಬೇಕು, ಡೋಲಿನವನಿಗೆ ಸನ್ನೆ ಮಾಡಿ ಮುಂದೆ ನಡೆದರು.

ತಿಕೋಟದ್ದು ಮಾತ್ರ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮಾಳಿಗೆಗಳ ಮೇಲೆಲ್ಲ ಹೆಣ್ಣುಮಕ್ಕಳು. ಅಗಸಿಯ ಎರಡೂ ಕಡೆ ಊರಿಗೆ ಊರೇ ನಿಂತಿತ್ತು. ವೀಳ್ಯದ ತಟ್ಟೆ ಹುಡುಗಿಯ ಅಪ್ಪನ ಕೈಯಲ್ಲೇ ಇತ್ತು. ಅವನು ನೆಲ ನೋಡುತ್ತ ನಿಂತ. ಅಷ್ಟು ಜನ, ಒಂದು ಕೆಮ್ಮಿಲ್ಲ. ಕೇಳಬೇಕೆಂಬ ಆಸೆ ಎಲ್ಲರ ಗಂಟಲಲ್ಲೂ ಇತ್ತು, ನುಂಗಿಕೊಂಡರು. ಎಂದೂ ಮಾತಾಡಿಸದ ಒಬ್ಬ ವಾದ್ಯಗಾರನ ಮಾನಕ್ಕಾಗಿ ಒಂದು ಇಡೀ ಊರು ಬಾಯಿ ಮುಚ್ಚಿ ನಿಂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಜನರಿಗೆ ಕೈಮುಗಿಯಬೇಕು ಅನಿಸಿತು. ಆದರೆ ಉಸ್ತಾದರ ಮುಖ ನೋಡಿದೆ. ಅವರು ಹುಡುಗಿಯ ಅಪ್ಪನನ್ನು ನೋಡಿದರು, ತಟ್ಟೆಯನ್ನು ನೋಡಿದರು. ಕ್ಲಾರಿನೆಟ್ಟಿನ ಮೂತಿಯನ್ನು ಸುಮ್ಮನೆ ಒರೆಸಿದರು. ಆಮೇಲೆ ಒಂದು ಸಿನಿಮಾ ಹಾಡಿಗೆ ಶುರುವಿಟ್ಟರು. ಹುಡುಗರು ಕುಣಿದರು.

ಮುಂದಿನ ವಾರ ಬಬಲೇಶ್ವರದಲ್ಲಿ ಮದುವೆ. ನಾನೂ ಜವಳಿಯ ಗೆಳೆಯನೂ ಒಂದೇ ಬಸ್ಸಿಗೆ ಹೋದರೂ ದಾರಿಯುದ್ದಕ್ಕೂ ಮಾತಿಲ್ಲ. ಮಧ್ಯಾಹ್ನ ಚಪ್ಪರದಲ್ಲಿ ಬ್ಯಾಂಡಿನವರ ಪಂಕ್ತಿಯಲ್ಲಿ ನಾನು ಉಸ್ತಾದರ ಪಕ್ಕ ಊಟಕ್ಕೆ ಕುಳಿತೆ. ಗೆಳೆಯ ಎದುರಿಗಿದ್ದ. ಉಸ್ತಾದರು ಗೋದಿ ಹುಗ್ಗಿಯನ್ನು ನಿಧಾನವಾಗಿ ಉಣ್ಣುತ್ತಿದ್ದರು. ಹೋಳಿಗೆಯನ್ನು ಮುಟ್ಟಿರಲಿಲ್ಲ.

‘ಇವತ್ತೂ ಯಾರೂ ಕೇಳಂಗಿಲ್ಲ ಬಿಡು’ ಎಂದರು ನನಗೆ, ಯಾವುದೋ ಬಸ್ಸಿನ ವೇಳೆ ಹೇಳಿದ ಹಾಗೆ. ‘ಮಂದಿಗೆ ಸಾಕಾಗೇತಿ. ಸಾಕಾಗಬೇಕಲ್ಲ, ಎಷ್ಟು ವರ್ಷಂತ ಕೇಳ್ತಾರ. ಈ ದೌರಾ ಮುಗಿಸಿ ಕ್ಲಾರಿನೆಟ್ ತಂಗೀ ಮಗಗ ಕೊಟ್ಟು ಮನ್ಯಾಗ ಕುಂಡ್ರತೀನಿ. ಬೇಜಾರಿಲ್ಲ.’

ಬೇಜಾರಿಲ್ಲ ಎಂದ ಆ ದನಿ ಕೇಳಿ ನನ್ನ ತಲೆ ಕೆಟ್ಟಿತು. ಕೈಯಲ್ಲಿದ್ದ ತುತ್ತು ಎಲೆಗೆ ಹಾಕಿದೆ.

‘ಸಾಕಾಗಿಲ್ರಿ ಉಸ್ತಾದ. ಕೇಳಬ್ಯಾಡ್ರಿ ಅಂತ ಊರೂರಿಗೆ ಹೇಳ್ಯಾರ. ನಿಮ್ಮ ಹಲ್ಲು ಹೋಗ್ಯಾವಂತ, ಸ್ವರ ಒಡದ್ರ ನಿಮ್ಮ ಮಾನ ಹೋಗತೈತಂತ. ತಿಕೋಟಾದಾಗ ಮಂದಿ ಹೆಂಗ ತಡಕೊಂಡು ನಿಂತಿದ್ರು ಅಂಬೂದು ನಿಮಗ ಕಾಣಲಿಲ್ಲೇನು?’

ಪಂಕ್ತಿಯಲ್ಲಿ ಕೈಗಳು ನಿಂತವು. ಉಸ್ತಾದರು ನೀರು ಕುಡಿದು ಲೋಟ ಕೆಳಗಿಟ್ಟರು.

‘ಯಾರು ಹೇಳಿದ್ದು?’

‘ನಾನ್ರಿ’ ಎಂದ ಗೆಳೆಯ. ತಲೆ ಎತ್ತಿಯೇ ಹೇಳಿದ. ಆ ಗಳಿಗೆಯಲ್ಲಿ ಅವನ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು.

‘ನನ್ನ ಕೇಳಿದೇನು?’

‘ಇಲ್ರಿ.’

‘ಬಟ್ಟಿ ಅಳಿಯಾವ ನೀನು. ಅಳಿ. ನನ್ನ ಉಸರು ಅಳಿಯಾಕ ಯಾರು ಹೇಳಿದ್ರು?’ ದನಿ ಏರಿರಲಿಲ್ಲ. ಮತ್ತೆ ಹೇಳಿದರು: ‘ನಾ ಏನ ತಿಳಕೊಂಡಿದ್ದೆ ಗೊತ್ತೈತೇನು? ನಾ ಸಾಯೂದಕಿಂತ ಮೊದಲ ನನ್ನ ಧಾಟಿ ಸತ್ತೈತಿ ಅಂತ ತಿಳಕೊಂಡಿದ್ದೆ.’

ಗೆಳೆಯನ ಕಣ್ಣು ತುಂಬಿದವು. ಅವನು ಉಣ್ಣದೆ ಎದ್ದು ಹೋದ. ಎಲ್ಲಿಗೋ ಬಸ್ಸು ಹಿಡಿದು ಹೋಗಿಬಿಟ್ಟ ಎಂದೇ ನಾನು ತಿಳಿದೆ.

ಹೊತ್ತು ಇಳಿಯುವ ಮೊದಲು ಹುಡುಗಿಯನ್ನು ಕಳಿಸುವ ಮೆರವಣಿಗೆ ಅಗಸಿಗೆ ಬಂತು. ಬ್ಯಾಂಡು ನಿಂತಿತು. ಬಬಲೇಶ್ವರದ ಮಂದಿಯೂ ತಿಕೋಟದವರ ಹಾಗೇ ಉಸಿರು ಬಿಗಿಹಿಡಿದು ನಿಂತರು. ಆಗ ಗುಂಪಿನ ಹಿಂದಿನಿಂದ ಗೆಳೆಯ ನುಗ್ಗಿಕೊಂಡು ಬಂದ. ಡೋಲಿನ ಮೇಲೆ ವೀಳ್ಯ ಇಟ್ಟ.

‘ಉದ್ದಂದು ಆಗಲ್ರಿ ಉಸ್ತಾದ.’

ಉಸ್ತಾದರು ಎಲ್ಲರ ಎದುರಿಗೆ ಬಾಯಿಂದ ಹಲ್ಲಿನ ಸೆಟ್ಟು ತೆಗೆದು, ಕರವಸ್ತ್ರದಲ್ಲಿ ಸುತ್ತಿ ಕೋಟಿನ ಕಿಸೆಗೆ ಹಾಕಿಕೊಂಡರು. ಕೆನ್ನೆಗಳು ಒಳಗೆ ಬಿದ್ದು ಮುಖವೇ ಬೇರೆಯಾಯಿತು. ಮೇಲಿನ ತುಟಿಯನ್ನು ಒಳಕ್ಕೆ ಮಡಿಚಿ, ಎರಡೂ ತುಟಿಗಳ ನಡುವೆ ಮೂತಿಯನ್ನು ಹಿಡಿದು ಊದಿದರು. ದನಿ ಮೊದಲಿನದಲ್ಲ. ಆ ಖಡಕ್ಕು ಹೋಗಿತ್ತು. ಮೆತ್ತಗೆ, ಹತ್ತಿರ ಕೂತು ಮಾತಾಡಿದ ಹಾಗೆ ಇತ್ತು. ನಾನು ಅಷ್ಟು ವರ್ಷ ಕೇಳಿದ್ದ ಧಾಟಿಯಲ್ಲಿ ಇಷ್ಟು ದುಃಖ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಸುತ್ತಿ ಸುತ್ತಿ ಕೊನೆಯ ಏರಿಕೆಗೆ ಬಂದರು. ತುದಿ ಮುಟ್ಟುವ ಮೊದಲೇ ಸ್ವರ ಒಡೆಯಿತು. ಕರ್ಕಶವಾಗಿ, ಎಲ್ಲರಿಗೂ ಕೇಳಿಸುವ ಹಾಗೆ ಒಡೆಯಿತು.

ಗೆಳೆಯ ಕಣ್ಣು ಮುಚ್ಚಿಕೊಂಡ. ಉಸ್ತಾದರು ಕ್ಲಾರಿನೆಟ್ ಇಳಿಸಿ ಉಸಿರು ತೆಗೆದುಕೊಂಡರು. ಗಾಡಿಯಲ್ಲಿ ಮದುಮಗಳ ಪಕ್ಕ ಕೂತಿದ್ದ ಅವಳ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, ‘ಅವಸರಿಲ್ಲ ಯಪ್ಪಾ, ನಿಂತೇವಿ’ ಎಂದಳು.

ನಿಜವಾಗಿಯೂ ಎಲ್ಲರೂ ನಿಂತಿದ್ದರು. ಎತ್ತುಗಳ ಹಗ್ಗ ಹಿಡಿದವನೂ ಅಲುಗಾಡಲಿಲ್ಲ. ಉಸ್ತಾದರು ಮತ್ತೆ ಏರಿಕೆಯ ಬುಡದಿಂದ ಹಿಡಿದರು. ಈ ಸಲ ಸ್ವರ ತುದಿಗೆ ಹೋಗಿ ಸಣ್ಣಗೆ, ದಾರದಷ್ಟು ಸಣ್ಣಗೆ ನಿಂತಿತು. ನಿಂತೇ ಇತ್ತು. ನಾನು ಅತ್ತೆ. ನನ್ನ ಸುತ್ತ ಅಳದವರು ಯಾರೂ ಇರಲಿಲ್ಲ.

ಗಾಡಿ ಅಗಸಿ ದಾಟಿ ಹೋದ ಮೇಲೆ ಉಸ್ತಾದರು ಗೆಳೆಯನನ್ನು ಹತ್ತಿರ ಕರೆದರು.

‘ಮುಂದಿನ ಊರು ಯಾವುದು?’

‘ಹೊನವಾಡ್ರಿ.’

‘ಆ ಮಂದಿ ಜವಳಿಗೆ ನಿನ್ನ ಅಂಗಡಿಗೇ ಬರತಾರಲ್ಲ’ ಎಂದರು ಉಸ್ತಾದರು. ‘ಅವರಿಗೆ ಹೇಳು, ಕೇಳ್ಲಿ.’